ಒಂದು ಸೈಜು ದೊಡ್ಡ ಹೆಲ್ಮೆಟ್

ನಾವುಂದದ ನನ್ನ ಹೊಲಿಗೆ ಅಂಗಡಿಗೆ ಮೊದಲ ಸಲ ಬಂದವರು ರವಿಕೆಗೆ ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಬಟ್ಟೆ ಕತ್ತರಿಸುವ ಮೇಜಿನ ಮೂಲೆಯಲ್ಲಿ ಅಂಗಾತ ಮಲಗಿರುವ ಕೆಂಪು ಹೆಲ್ಮೆಟ್ಟನ್ನು ತೋರಿಸಿ, "ಇದೆಂತಕ್ಕಾ, ಇಲ್ಲಿ?" ಎನ್ನುತ್ತಾರೆ. ಸೈಕಲ್ ಹೆಲ್ಮೆಟ್ ಅದು. ಅದರೊಳಗೆ ಹುಕ್ಕು, ಗುಂಡಿ, ಲೇಸಿನ ತುಂಡು, ಅರ್ಧ ಮುಗಿದ ದಾರದ ಉಂಡೆಗಳು ಸಂಸಾರ ಹೂಡಿವೆ. ಗಾಳಿಯಾಡಲೆಂದು ಕಂಪನಿಯವರು ಬಿಟ್ಟಿರುವ ತೂತುಗಳಿಂದ ಸಣ್ಣ ಗುಂಡಿಗಳು ಉದುರಿಹೋಗಬಾರದೆಂದು ಒಳಗೆ ಲೈನಿಂಗ್ ಬಟ್ಟೆ ಹಾಕಿ ಹೊಲಿದಿದ್ದೇನೆ. ಹೆಲ್ಮೆಟ್ಟಿಗೆ ಲೈನಿಂಗ್ ಹಾಕಿದ ದರ್ಜಿ ಈ ಸೀಮೆಯಲ್ಲಿ ಇನ್ನೊಬ್ಬಳಿದ್ದಾಳೋ ಇಲ್ಲವೋ, ನನಗಂತೂ ಗೊತ್ತಿಲ್ಲ.

ಕೇಳಿದವರಿಗೆಲ್ಲ "ಹಳೇದು, ಹಾಗೇ ಇಟ್ಟಿದ್ದೇನೆ" ಎಂದು ಹೇಳಿ ಟೇಪು ಎತ್ತಿಕೊಳ್ಳುತ್ತೇನೆ. ಹಳೆಯದಲ್ಲ, ಒಂದೇ ಒಂದು ಸಲ ರಸ್ತೆ ಕಂಡದ್ದು. ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು, ಹೇಳಿಯೇ ಬಿಡುತ್ತೇನೆ.

ನಮ್ಮ ಕಡೆ ಮಕ್ಕಳಿಗೆ ಸರಿಯಾದ ಅಳತೆಯದ್ದು ಕೊಳ್ಳುವುದೆಂದರೆ ದುಂದುಗಾರಿಕೆ. ನಿಮ್ಮ ಮನೆಯಲ್ಲೂ ಹಾಗೇ ಇದ್ದಿರಬೇಕು. ನಾನು ಶಾಲೆಗೆ ಸೇರಿದಾಗ ತೊಡಿಸಿದ ಲಂಗದ ಅಂಚಿನಲ್ಲಿ ಮೂರು ಮಡಿಕೆಗಳಿದ್ದವು. ವರ್ಷಕ್ಕೊಂದು ಮಡಿಕೆ ಬಿಚ್ಚುವುದು. ಬಿಚ್ಚಿದಲ್ಲೆಲ್ಲ ಹಳೆಯ ಗೆರೆ ಉಳಿಯುತ್ತಿತ್ತು. ಟೀಚರು ನನ್ನ ಲಂಗದ ಗೆರೆ ಎಣಿಸಿಯೇ ನಾನು ಎಷ್ಟನೇ ಕ್ಲಾಸೆಂದು ಹೇಳಬಹುದಿತ್ತು. ಚಪ್ಪಲಿಯ ತುದಿಗೆ ಹತ್ತಿ ತುರುಕುತ್ತಿದ್ದರು. ಕೊಡೆಯಂತೂ ಅಪ್ಪಯ್ಯನದ್ದೇ, ಅದರ ಕೆಳಗೆ ನಡೆಯುವಾಗ ಮುಂದೆ ಬರುವವರ ಕಾಲು ಮಾತ್ರ ಕಾಣುತ್ತಿತ್ತು, ಹಾಗಾಗಿ ನನಗೆ ಊರಿನ ಅರ್ಧ ಜನ ಇವತ್ತಿಗೂ ಪಾದದಿಂದಲೇ ಪರಿಚಯ. ಮುಂದೆ ನಾನೇ ದರ್ಜಿಯಾದ ಮೇಲೆ ಈ ಸಂಪ್ರದಾಯವನ್ನು ಕೈಬಿಟ್ಟೆನೇ? ಎಲ್ಲಿಯ ಮಾತು. ಯೂನಿಫಾರಂ ಹೊಲಿಸಲು ಬಂದ ತಾಯಂದಿರು ಬಾಯಿ ತೆರೆಯುವ ಮೊದಲೇ, "ಒಳ್ಗ್ ಎರಡಿಂಚ್ ಬಿಡ್ತೆ ಅಕ್ಕಾ, ಬೆಳಿಯು ಮಕ್ಳ್ ಅಲ್ದಾ?" ಎಂದು ನಾನೇ ಹೇಳುತ್ತೇನೆ. ಅವರ ಮುಖ ಅರಳುತ್ತದೆ. ನನ್ನ ಅಂಗಡಿ ನಡೆದದ್ದೇ ಆ ಎರಡಿಂಚಿನ ಮೇಲೆ.

ನನ್ನ ಮಗಳು ಧನ್ಯಾ ಎಂಟನೆಯ ತರಗತಿ. ಮನೆ ಮರವಂತೆಯಲ್ಲಿ, ಶಾಲೆ ನನ್ನ ಅಂಗಡಿಯಿಂದಲೂ ಮುಂದೆ. ಅವಳಿಗೆ ನನ್ನ ತಮ್ಮ ಒಂದು ಸೈಕಲ್ ಕೊಡಿಸಿದ. ಸೈಕಲ್ ಬಂದ ದಿನದಿಂದ ಅವಳದ್ದು ಒಂದೇ ರಾಗ: ಬಸ್ಸಿನಲ್ಲಿ ಹೋಗುವುದಿಲ್ಲ, ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತೇನೆ.

ಮರವಂತೆಯ ರಸ್ತೆ ನಿಮಗೆ ಗೊತ್ತಿದ್ದದ್ದೇ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಹೆದ್ದಾರಿ. ನೋಡಲು ಬಂದವರು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಅಲ್ಲೇ ಇರುವ ನಮಗೆ ಕಾಣುವುದು ಲಾರಿಗಳು, ಮತ್ತೆ ಕಡಲ ಕಡೆಯಿಂದ ಬೀಸುವ ಗಾಳಿ. ಆ ಗಾಳಿಗೆ ನನ್ನ ಸೆರಗು ಎಷ್ಟು ಪಿನ್ನು ಹಾಕಿದರೂ ನಿಂತದ್ದಿಲ್ಲ.

ನಮ್ಮ ಮನೆಯವರು ಗಂಗೊಳ್ಳಿಯಲ್ಲಿ ಬೋಟಿಗೆ ಹೋಗುವವರು. ಒಮ್ಮೆ ಹೋದರೆ ಕೆಲವು ದಿನ ಕಡಲಲ್ಲೇ. ಅಲೆಗೆ ಹೆದರದ ಮನುಷ್ಯ ಹೆದ್ದಾರಿಗೆ ಹೆದರುತ್ತಾರೆ.

"ಹೈವೇಯಗೆ ಸೈಕಲ್ಲಾ? ಬ್ಯಾಡ. ಬಸ್ಸಗೇ ಹೋಯ್ಲಿ" ಎಂದರು.

"ಹೆಲ್ಮೆಟ್ ಹಾಕಂಡ್ ಹೋತ್ತ್. ಈಗ ಮಕ್ಳೆಲ್ಲ ಹಾಕಂತ್ರ್" ಎಂದೆ.

ಅವರು "ತಕಂಡ್ ಬಾ. ಮಂಡಿಗ್ ಸಮ ಕೂತ್ರೆ ಕಾಂಬ. ಇಲ್ದಿದ್ರೆ ಸೈಕಲ್ ಯಾರಿಗಾರೂ ಕೊಟ್ಟ್ ಬಿಡುವ" ಎಂದು ಹೇಳಿ ಬೋಟಿಗೆ ಹೋದರು. ಮಂಡಿ ಎಂದರೆ ನಮ್ಮಲ್ಲಿ ಮೊಣಕಾಲಲ್ಲ, ತಲೆ.

ಮಗಳಿಗಿಂತ ನನಗೇ ಈ ಸೈಕಲ್ಲಿನ ಆಸೆ ಹೆಚ್ಚಿತ್ತು ಎಂದರೆ ನಗಬೇಡಿ. ಸಣ್ಣವಳಿದ್ದಾಗ ನಾನು ತಮ್ಮನ ಸೈಕಲ್ಲಿನ ಬಾರಿನ ಕೆಳಗಿಂದ ಕಾಲು ತೂರಿಸಿ, ಇಡೀ ಮೈ ಒಂದು ಬದಿಗೆ ವಾಲಿಸಿಕೊಂಡು ಪೆಡಲ್ ತುಳಿಯಲು ಕಲಿತಿದ್ದೆ. ಒಂದು ದಿನ ಒಬ್ಬರ ಮನೆಯ ಗೇಟಿಗೆ ಗುದ್ದಿ ಮೊಣಕೈ ಮುರಿಯಿತು. ಕೈ ಕೂಡಿಕೊಂಡಿತು, ಆದರೆ ಸೈಕಲ್ಲಿಗೆ ಬೀಗ ಬಿತ್ತು. ಹೈಸ್ಕೂಲು ಮುಗಿಸಿದಾಗ ಕಾಲೇಜು ದೂರ, ಬಸ್ಸಿನ ಹೊತ್ತು ಸರಿಯಿಲ್ಲ ಎಂದು ಲೆಕ್ಕ ಹಾಕಿದರು. ನಡೆದು ಹೋಗುವಷ್ಟು ಹತ್ತಿರದಲ್ಲಿ ಇದ್ದದ್ದು ಹೊಲಿಗೆ ಕ್ಲಾಸು ಒಂದೇ. ನನಗೆ ಬೇಸರವೇನಿಲ್ಲ. ಹೊಲಿಗೆ ನನ್ನ ಕೈ ಹಿಡಿದಿದೆ, ಮಿಷನ್ನಿನ ಸದ್ದು ಕೇಳದ ದಿನ ನನಗೆ ಊಟ ರುಚಿಸುವುದಿಲ್ಲ. ಆದರೂ ಮಗಳು ಎಲ್ಲಿಗೆ ಹೋಗಬೇಕೆಂಬುದನ್ನು ಬಸ್ಸಿನ ಹೊತ್ತು ತೀರ್ಮಾನಿಸಬಾರದು ಎಂದು ಒಳಗೊಳಗೇ ಹಟವಿತ್ತು.

ಕುಂದಾಪುರದ ಸೈಕಲ್ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವರು ಧನ್ಯಾಳ ತಲೆಯನ್ನೊಮ್ಮೆ ನೋಡಿ, ನೀಲಿ ಬಣ್ಣದ ಒಂದು ಹೆಲ್ಮೆಟ್ ತೆಗೆದು ತೊಡಿಸಿದರು. ಹಣೆಯ ಮೇಲೆ ಮಟ್ಟಸವಾಗಿ ಕೂತಿತು.

"ಸಮ ಇತ್ತ್ ಕಾಣಿ" ಎಂದರು.

ಸರಿಯಾಗಿ ಕೂತದ್ದೇ ನನಗೆ ಸಂಶಯಕ್ಕೆ ಕಾರಣವಾಯಿತು. ಇವತ್ತು ಸರಿಯಾದರೆ ಬರುವ ವರ್ಷ ಏನು ಗತಿ?

"ಇದ್ರಕ್ಕಿಂತ ಒಂದ್ ಸೈಜ್ ದೊಡ್ಡದ್ ಕೊಡಿ. ಬೆಳಿಯು ಮಕ್ಳ್ ಅಲ್ದಾ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹ್ವಾಯ್ ಅಕ್ಕಾ, ಬೆಳುದ್ ಕೈಕಾಲ್. ಈ ಪ್ರಾಯದಗೆ ಮಂಡಿ ಎಷ್ಟ್ ಬೆಳಿತ್ತ್? ಇದ್ ಚಪ್ಲಿ ಅಲ್ಲ, ಹತ್ತಿ ತುರ್ಕುಕೆ ಆತ್ತಿಲ್ಲೆ."

ನನ್ನ ಮನೆಯ ಹತ್ತಿಯ ಸುದ್ದಿ ಇವರಿಗೆ ಹೇಗೆ ಗೊತ್ತಾಯಿತೆಂದು ಸಿಟ್ಟೇ ಬಂತು. ಅಳತೆಯ ವಿಷಯದಲ್ಲಿ ದರ್ಜಿಗೆ ಬುದ್ಧಿ ಹೇಳುವುದೆಂದರೇನು? "ನಂಗೊತ್ತಿತ್ತ್, ನೀವ್ ಕೊಡಿ" ಎಂದೆ. ಧನ್ಯಾ ಪಂಪುಗಳನ್ನು ನೋಡುವ ನೆಪದಲ್ಲಿ ಅಂಗಡಿಯ ಇನ್ನೊಂದು ಮೂಲೆಗೆ ಹೋಗಿ ನಿಂತಳು. ಅಂಗಡಿಯಲ್ಲಿ ಅವಳು ನನ್ನ ಮಗಳಲ್ಲದಂತೆ ನಿಲ್ಲುವುದು ಅದೇ ಮೊದಲಲ್ಲ. ಕೆಂಪು ಹೆಲ್ಮೆಟ್ ಹೀಗೆ ನಮ್ಮ ಮನೆಗೆ ಬಂತು.

ಮನೆಗೆ ಬಂದು ತೊಡಿಸಿದರೆ ಅದು ಹುಬ್ಬು ದಾಟಿ ಮೂಗಿನ ಬುಡಕ್ಕೆ ಇಳಿಯಿತು. ಹಿಂದೆ ತಳ್ಳಿದರೆ ಕುತ್ತಿಗೆಯ ಮೇಲೆ ಕೂರುತ್ತಿತ್ತು. ತಲೆ ಬೆಳೆಯುವ ತನಕ ಒಳಗೆ ಏನಾದರೂ ಕೊಟ್ಟರಾಯಿತು ಎಂದುಕೊಂಡೆ. ಏನು ಕೊಡುವುದೆಂದು ಯೋಚಿಸುವಾಗ ಕಣ್ಣಿಗೆ ಬಿದ್ದದ್ದು ಗೋಡೆಯ ಮೊಳೆಗೆ ತೂಗುಹಾಕಿದ್ದ ಅಬ್ಬಿಯ ಸಿಂಬಿ.

ಅಬ್ಬಿ ಎಂದರೆ ನನ್ನ ತಾಯಿ. ಮದುವೆಯಾದ ಮೇಲೂ ನಾನು ಉಳಿದದ್ದು ತಾಯಿಯ ಮನೆಯಲ್ಲೇ, ನಮ್ಮವರಲ್ಲಿ ಅದೇನು ಹೊಸತಲ್ಲ. ಅಬ್ಬಿ ಮೀನಿನ ಬುಟ್ಟಿ ತಲೆಯ ಮೇಲೆ ಹೊತ್ತು ಮನೆಮನೆಗೆ ತಿರುಗಿ ನಮ್ಮನ್ನು ಸಾಕಿದವಳು. ತಲೆಗೂ ಬುಟ್ಟಿಗೂ ನಡುವೆ ಬಟ್ಟೆ ಸುತ್ತಿ ಮಾಡಿದ ಬಳೆಯಂಥ ಸಿಂಬಿ ಇಡುತ್ತಾರಲ್ಲ, ಅದನ್ನು ಅವಳಷ್ಟು ಚೆಂದ ಸುತ್ತುವವರು ಇರಲಿಲ್ಲ. ಬುಟ್ಟಿಗೆ ಕೈಯನ್ನೇ ಕೊಡದೆ, ಎರಡೂ ಕೈ ಬೀಸಿಕೊಂಡು, ದಾರಿಯಲ್ಲಿ ಸಿಕ್ಕವರ ಜತೆ ಜಗಳವನ್ನೂ ಆಡುತ್ತಾ ಗದ್ದೆಯಂಚಿನಲ್ಲಿ ನಡೆಯುತ್ತಿದ್ದಳು. ಬುಟ್ಟಿ ಒಮ್ಮೆಯೂ ಜಾರಿದ್ದು ನಾನು ಕಂಡಿಲ್ಲ. ತಲೆಯ ಮೇಲೆ ವಸ್ತು ನಿಲ್ಲಬೇಕಾದರೆ ಸಿಂಬಿ ಬೇಕು, ಇದರಲ್ಲಿ ಯೋಚಿಸಲು ಏನಿದೆ?

ಹೊಲಿದೆ. ಒಳಗೆ ಸ್ಪಂಜು, ಮೇಲೆ ಯಾರದ್ದೋ ರವಿಕೆಯಲ್ಲಿ ಉಳಿದ ಮೆರೂನ್ ವೆಲ್ವೆಟ್ಟು, ಸುತ್ತಲೂ ಸಣ್ಣ ಪೈಪಿಂಗ್. ಹೆಲ್ಮೆಟ್ಟಿನ ಒಳಗಿನ ಮೆತ್ತೆಗೆ ನಾಲ್ಕು ಕಡೆ ಸೂಜಿ ಹಾಕಿ ಹಿಡಿಸಿದೆ. ಅಷ್ಟು ಚೆಂದದ ಸಿಂಬಿಯನ್ನು ಯಾವ ಬುಟ್ಟಿಯೂ ಕಂಡಿರಲಿಕ್ಕಿಲ್ಲ. ಅಬ್ಬಿ ಬಂದು ಹಿಚುಕಿ ನೋಡಿ, "ಸುತ್ತ್ ಸಮ ಬಂದಿತ್ತ್" ಎಂದು ಮೆಚ್ಚಿದಳು. ಧನ್ಯಾ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಹೆಲ್ಮೆಟ್ ಈಗ ಕೆಳಗಿಳಿಯಲಿಲ್ಲ. ನೆತ್ತಿಯ ಮೇಲೆ ಎತ್ತರದಲ್ಲಿ, ಒಲೆಯ ಮೇಲಿಟ್ಟ ಹಂಡೆಯಂತೆ ಕೂತಿತು.

"ಅಮ್ಮಾ, ಇದ್ ಅಲ್ಲಾಡ್ತ್" ಎಂದಳು.

"ಮಂಡಿ ನೆಟ್ಟಗೆ ಇಟ್ಕ. ಅಮ್ಮಮ್ಮ ಬುಟ್ಟಿ ಹೊತ್ತದ್ ಹ್ಯಾಂಗೆ?" ಎಂದು ನಾನು ಬಾಯಿ ಮುಚ್ಚಿಸಿದೆ.

ಇವರು ಬೋಟಿನಿಂದ ಬಂದ ಮೇಲೆ ಒಂದು ರಜೆಯ ದಿನ ಬೆಳಿಗ್ಗೆ ಪರೀಕ್ಷೆ. ಮನೆಯಿಂದ ಹೆದ್ದಾರಿಯ ಅಂಚಿನ ತನಕ ಹೋಗಿ ಬರಬೇಕು. ಇವರು ರಸ್ತೆ ಬದಿಯ ಚಾದಂಗಡಿಯ ಮುಂದೆ ನಿಂತರು, ನಾನು ಮತ್ತು ಅಬ್ಬಿ ಗೇಟಿನಲ್ಲಿ. ಧನ್ಯಾ ತಲೆ ನೆಟ್ಟಗಿಟ್ಟುಕೊಂಡು, ಕುತ್ತಿಗೆ ಅಲುಗಿಸದೆ, ಮದುಮಗಳಂತೆ ಹೊರಟಳು. ನೋಡಲು ಲಕ್ಷಣವಾಗಿಯೇ ಇತ್ತು. ಹೆದ್ದಾರಿಯ ಹತ್ತಿರ ತಿರುಗುವ ಮೊದಲು ಹಿಂದೆ ಗಾಡಿ ಬರುತ್ತಿದೆಯೇ ಎಂದು ನೋಡಲು ತಲೆ ತಿರುಗಿಸಿದಳು. ತಲೆ ತಿರುಗಿತು, ಹೆಲ್ಮೆಟ್ ತಿರುಗಲಿಲ್ಲ. ಅಷ್ಟರಲ್ಲಿ ಕಡಲ ಗಾಳಿ ಅದರ ಅಡಿಗೆ ನುಗ್ಗಿ ಹಿಂದಕ್ಕೆ ಎತ್ತಿತು. ಪಟ್ಟಿ ಗಂಟಲಿಗೆ ಬಂತು, ಒಂದು ಕಡೆ ಹೊಲಿಗೆ ಬಿಟ್ಟ ಸಿಂಬಿ ಕಣ್ಣಿನ ಮೇಲೆ ಇಳಿಯಿತು. ಪುಣ್ಯಕ್ಕೆ ಅವಳು ಬ್ರೇಕು ಹಿಡಿದು ಕಾಲು ಊರಿ ನಿಂತಳು. ಏನೂ ಆಗಲಿಲ್ಲ. ಸಿಂಬಿ ಮಾತ್ರ ಕಿತ್ತುಬಂದು ನೆಲಕ್ಕೆ ಬಿದ್ದು, ಚಕ್ರದ ಹಾಗೆ ಉರುಳುತ್ತಾ ಹೋಗಿ ಇವರ ಕಾಲ ಬುಡದಲ್ಲಿ ಮಲಗಿತು.

ಇವರು ಅದನ್ನು ಎತ್ತಿಕೊಂಡು ಮಣ್ಣು ಕೊಡವಿ, ಎರಡೂ ಬದಿ ತಿರುಗಿಸಿ ನೋಡಿದರು. ವೆಲ್ವೆಟ್ಟು, ಪೈಪಿಂಗ್ ಎಲ್ಲ ನೋಡಿದರು. ಮತ್ತೆ ಅಲ್ಲಿಂದ ನಡೆದು ಬಂದು ಅದನ್ನು ನನ್ನ ಕೈಗೆ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. "ಸೈಕಲ್ ಒಳ್ಗಿಡ್ ಮಗಾ" ಎಂದಷ್ಟೇ ಹೇಳಿದರು.

ಧನ್ಯಾ ಅಳಲಿಲ್ಲ. ಸೈಕಲ್ಲನ್ನು ಜಗಲಿಗೆ ಎತ್ತಿ, ಚಕ್ರಕ್ಕೆ ಹತ್ತಿದ ಮರಳು ಒರೆಸಿ, ಒಂದು ಹಳೆಯ ಪಂಚೆ ಹೊದಿಸಿ ಒಳಗೆ ಹೋದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಮಧ್ಯಾಹ್ನ ಬಂಗುಡೆ ಸಾರು, ಎಲ್ಲರಿಗೂ ಇಷ್ಟದ್ದು. ಯಾರೂ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಊಟವಾದ ಮೇಲೆ ಅಬ್ಬಿ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದಳು. "ಬೆಳಿಗ್ಗಿಂದ ಅದೇ ಯೋಚ್ನಿ ಮಾಡ್ತಿದ್ದೆ ಕಾಣ್. ಸಿಂಬಿ ಇಪ್ದ್ ಬುಟ್ಟಿ ಬೀಳ್ದೇ ಇಪ್ಪುಕೆ. ನಾನೇ ಬಿದ್ರೆ ಬುಟ್ಟಿಯೂ ಬಿತ್ತ್, ಅದಕ್ಕೆಂತ ಮಾಡುಕೂ ಆತ್ತಿಲ್ಲೆ. ಇದ್ ಹಾಂಗಲ್ಲ. ಮಗು ಬಿದ್ರೂ ಇದ್ ಮಂಡಿ ಬಿಟ್ಟ್ ಬೀಳುಕಾಗ. ನಂಗೂ ಹೊಳಿಲಿಲ್ಲ, ನಿಂಗೂ ಹೊಳಿಲಿಲ್ಲ."

ನಾನು ಎದ್ದು ಟೇಪು ತಂದೆ. ದಿನವೂ ಕೊರಳಿನಲ್ಲಿ ತೂಗುವ ಟೇಪು. ಇದರಲ್ಲಿ ಎದೆ, ಸೊಂಟ, ತೋಳು, ಎಷ್ಟು ಜನರದ್ದು ಅಳೆದಿದ್ದೇನೋ. ತಲೆಯನ್ನು ಒಬ್ಬರದ್ದೂ ಅಳೆದಿರಲಿಲ್ಲ. ಧನ್ಯಾಳನ್ನು ಬಾಗಿಲ ಬೆಳಕಿಗೆ ಕೂರಿಸಿ, ಹುಬ್ಬಿನಿಂದ ಎರಡು ಬೆರಳು ಮೇಲೆ, ಕಿವಿಗಳ ಮೇಲಿಂದ ಹಾಯಿಸಿ, ಹಿಂದೆ ತಲೆ ಉಬ್ಬಿದಲ್ಲಿ ಸುತ್ತಿದೆ. ಐವತ್ತನಾಲ್ಕು ಸೆಂಟಿಮೀಟರ್. ಹುಟ್ಟಿದಾಗ ನನ್ನ ಅಂಗೈಯಲ್ಲಿ ಹಿಡಿದಿದ್ದ ತಲೆ ಅದು. ಒಂದು ವರ್ಷದ ನಂತರ ಬೆಳೆಯಬಹುದಾದ ತಲೆಗೆಂದು ಹೆಲ್ಮೆಟ್ ತಂದು, ಇವತ್ತಿರುವ ತಲೆಯನ್ನು ಬರಿದೇ ಬಿಟ್ಟಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು. ನಾಚಿಕೆಯಾಯಿತೆಂದು ಬಾಯಿಬಿಟ್ಟೇ ಹೇಳಿದೆ.

"ತಪ್ಪ್ ಸೈಕಲ್ಲಿಂದ್ ಅಲ್ಲ, ನನ್ ಅಳತಿದ್. ಇನ್ನೊಂದ್ ಸಲ ಕಾಣಿ" ಎಂದೆ, ಇವರ ಕಡೆ ನೋಡದೆ.

ಇವರು ಎದ್ದು ಅಂಗಿ ಹಾಕಿಕೊಂಡರು. "ಈ ಸಲ ನಾನೂ ಬತ್ತೆ" ಎಂದರು.

ಮೂವರೂ ಬಸ್ಸಿನಲ್ಲಿ ಮತ್ತೆ ಕುಂದಾಪುರಕ್ಕೆ. ಅಂಗಡಿಯವರು 'ನಾನು ಅಂದೇ ಹೇಳಿರಲಿಲ್ಲವೇ' ಎನ್ನಲಿಲ್ಲ, ಒಳ್ಳೆಯ ಮನುಷ್ಯ. ಆದರೆ ಕೆಂಪು ಹೆಲ್ಮೆಟ್ಟನ್ನು ತಿರುಗಿಸಿ ನೋಡಿ, ಮೆತ್ತೆಯಲ್ಲಿ ನನ್ನ ಸೂಜಿಯ ತೂತುಗಳನ್ನು ಕಂಡು, "ಇದನ್ನ್ ವಾಪಸ್ ತಕಂಬುಕೆ ಆತ್ತಿಲ್ಲೆ ಅಕ್ಕಾ, ಇದ್ ಈಗ ನಿಮ್ ರವಿಕಿ ಆಯ್ತ್" ಎಂದರು. ಇವರು ನಕ್ಕರು. ಬೆಳಿಗ್ಗೆಯಿಂದ ಅದೇ ಮೊದಲ ನಗು, ನನ್ನ ಖರ್ಚಿನಲ್ಲಿ.

ನೀಲಿ ಹೆಲ್ಮೆಟ್ ಬಂತು. ಅಂಗಡಿಯವರು ಅದನ್ನು ಹಣೆಯ ಮೇಲೆ ನೇರ ಕೂರಿಸಿ, ಹಿಂಬದಿಯ ತಿರುಗಣೆ ತಿರುಗಿಸಿ ಬಿಗಿ ಮಾಡಿದರು. ಪಟ್ಟಿಗಳು ಕಿವಿಯ ಎರಡೂ ಬದಿಯಿಂದ ಇಳಿದು ಕಿವಿಯ ಕೆಳಗೆ ಕೂಡಬೇಕಂತೆ. ಅಲ್ಲಿ ಒಂದು ತೊಡಕು ಬಂತು. ಶಾಲೆಯ ನಿಯಮದಂತೆ ಧನ್ಯಾಳದ್ದು ಮಡಚಿ ಕಟ್ಟಿದ ಎರಡು ಜಡೆ. ರಜೆಯ ದಿನವೂ ಅಬ್ಬಿ ಹಾಗೇ ಹೆಣೆಯುತ್ತಾಳೆ. ರಿಬ್ಬನ್ನಿನ ಗಂಟು ಸರಿಯಾಗಿ ಕಿವಿಯ ಹತ್ತಿರವೇ ಬಂದು ಪಟ್ಟಿಯನ್ನು ಹೊರಗೆ ದೂಡುತ್ತಿತ್ತು. ಅಲ್ಲೇ ಬಿಚ್ಚಿ, ಎರಡೂ ಜಡೆಯನ್ನು ಕತ್ತಿನ ಹತ್ತಿರ ಕೆಳಗೆ ಕಟ್ಟಿದೆ. ಇವರು ಪಟ್ಟಿ ಹಿಡಿದರು. ಬಲೆಯ ಹಗ್ಗದಲ್ಲೇ ಪ್ರಾಯ ಕಳೆದ ಬೆರಳುಗಳು. ಎಳೆದು ನೋಡಿದರು, ಜಾರಿಸಿ ನೋಡಿದರು, ಗಲ್ಲದ ಕೆಳಗೆ ಎರಡು ಬೆರಳು ತೂರಿಸಿ ನೋಡಿದರು. ಇವರದ್ದು ದಪ್ಪ ಬೆರಳು, ಹಾಗಾಗಿ ಅಂಗಡಿಯವರು ಒಂದೇ ಸಾಕು ಎಂದರು.

"ಬಾಯಿ ದೊಡ್ಡ ಮಾಡಿ ಆಕಳಿಕಿ ಬರ್ಸ್" ಎಂದರು ಅಂಗಡಿಯವರು. ಧನ್ಯಾ ಬಾಯಿ ತೆರೆದಳು. ಹೆಲ್ಮೆಟ್ ಮೆಲ್ಲ ಕೆಳಗೆ ಒತ್ತಿತು. "ಹಾಂಗೆ ಎಳುಕ್. ಈಗ ಮಂಡಿ ಅಲ್ಲಾಡ್ಸ್." ಅವಳು ಮೈಮೇಲೆ ದೇವರು ಬಂದವಳಂತೆ ಆಡಿಸಿದಳು. ತಲೆ ಹೋದಲ್ಲಿಗೆ ಹೆಲ್ಮೆಟ್ ಹೋಯಿತು.

ಇವರು ಮಗಳ ಹೆಲ್ಮೆಟ್ಟಿನ ಮೇಲೆ ಕೈಯಿಟ್ಟು ಹಿಂದೆ ಮುಂದೆ ದೂಡಿ ನೋಡಿದರು. ಹಣೆಯ ಚರ್ಮ ಸುಕ್ಕಾಯಿತೇ ಹೊರತು ಹೆಲ್ಮೆಟ್ ಜಾರಲಿಲ್ಲ. ಸ್ವಲ್ಪ ಹೊತ್ತು ಕೈಯನ್ನು ಹಾಗೇ ಇಟ್ಟುಕೊಂಡಿದ್ದರು. ಮತ್ತೆ ಹೇಳಿದರು. "ನಾಳೆ ಒಂದ್ ದಿನ ಹೋಯ್ಲಿ. ಒಂದೇ ದಿನ. ಮತ್ತೆ ಕಾಂಬ."

ಮಾರನೆಯ ದಿನ ಬೆಳಿಗ್ಗೆ ಇವರು ಗಂಗೊಳ್ಳಿಗೆ ಹೋದರು, ಬೋಟು ಹೊರಡುವುದು ಸಂಜೆ ಎಂದಿದ್ದರು. ಅಬ್ಬಿ ಜಡೆಯನ್ನು ಕೆಳಗೇ ಹೆಣೆದಳು. ಹೆಲ್ಮೆಟ್ ನಾನೇ ಹಾಕಲು ಹೋದರೆ ಧನ್ಯಾ ನನ್ನ ಕೈ ಸರಿಸಿ, ತಾನೇ ಹಾಕಿಕೊಂಡು, ತಾನೇ ಎರಡು ಬೆರಳು ತೂರಿಸಿ, ಕನ್ನಡಿಯ ಮುಂದೆ ಒಂದು ಆಕಳಿಕೆ ತೆಗೆದು ಹೊರಟಳು. ಗಾಳಿ ಎಂದಿನ ಹಾಗೆ ಬೀಸುತ್ತಿತ್ತು. ರಸ್ತೆ ತಿರುಗುವಲ್ಲಿ ಹಿಂದೆ ನೋಡಿದಳು. ನನ್ನನ್ನಲ್ಲ, ಬರುತ್ತಿದ್ದ ಲಾರಿಯನ್ನು. ಅದು ದಾಟಿ ಹೋದ ಮೇಲೆ ಅವಳು ಹೋದಳು.

ಅಂಗಡಿಯಲ್ಲಿ ಆ ದಿನ ನಾನು ಮಾಡಿದ ಕೆಲಸ ಹೇಳಿದರೆ ನೀವು ಬಟ್ಟೆ ಕೊಡಲಿಕ್ಕಿಲ್ಲ. ಒಂದು ರವಿಕೆಗೆ ಎರಡೂ ಎಡಗೈಯ ತೋಳು ಹಚ್ಚಿದೆ, ಬಿಚ್ಚಿ ಮತ್ತೆ ಎರಡೂ ಬಲಗೈಯದ್ದು ಹಚ್ಚಿದೆ. ಮಧ್ಯಾಹ್ನದ ನಂತರ ಇವರು ಬಂದರಿನಿಂದ ಮೂರು ಸಲ ಫೋನು ಮಾಡಿದರು. "ಮಗು ಬಂತಾ?" ಎನ್ನುವುದು, "ಇನ್ನೂ ಶಾಲಿ ಬಿಡ್ಲಿಲ್ಲ ಮಾರಾಯ್ರೆ" ಎಂದರೆ ಇಡುವುದು. ಬೋಟಿನಲ್ಲಿ ಐಸು ತುಂಬುವ ಸದ್ದು ಕೇಳುತ್ತಿತ್ತು.

ಸಂಜೆ ಸೈಕಲ್ಲಿನ ಬೆಲ್ಲು ಕೇಳಿ ಮಿಷನ್ನಿನಿಂದ ಎದ್ದು ಹೊರಗೆ ಬಂದೆ. ಧನ್ಯಾ ಸ್ಟ್ಯಾಂಡು ಹಾಕಿ, ಹೆಲ್ಮೆಟ್ ಬಿಚ್ಚಿ ಹ್ಯಾಂಡಲ್ಲಿಗೆ ತೂಗಿಸಿದಳು. ಬೆವರಿದ ಹಣೆಯ ಮೇಲೆ, ಮೆತ್ತೆ ಒತ್ತಿದಲ್ಲಿ, ಒಂದು ಕೆಂಪು ಗೆರೆ ಉಳಿದಿತ್ತು. ನಾನು ಅದರ ಮೇಲೆ ಬೆರಳು ಆಡಿಸಿದೆ.

"ಎಂತ ಕಾಂತೆ ಅಮ್ಮಾ? ಮುಖ ತೊಳ್ದ್ರೆ ಹೋತ್ತ್ ಅದ್" ಎಂದಳು.

ನಾಲ್ಕನೆಯ ಸಲ ಫೋನು ಬಂತು. ನಾನು ನೇರ ಅವಳ ಕೈಗೆ ಕೊಟ್ಟೆ.

"ಬಂದೆ ಅಪ್ಪಯ್ಯಾ" ಎಂದಳು. ಮತ್ತೆ, ಉಸಿರು ತೆಗೆದುಕೊಂಡು, "ನಾಳೆಯೂ ಹೋತೆ" ಎಂದಳು.

ಆ ಕಡೆಯಿಂದ ಸ್ವಲ್ಪ ಹೊತ್ತು ಐಸು ಬೀಳುವ ಸದ್ದೇ ಕೇಳಿತು. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು ನನ್ನ ಮುಖ ನೋಡುತ್ತಾ ನಿಂತಳು.

"ಹೋಗ್ ಮಗಾ" ಎಂದದ್ದು ನನಗೂ ಕೇಳಿಸಿತು.